ಪೆಟ್ಟಿಗೆ ಬಿಚ್ಚಿಸುತ್ತಿದ್ದ ಮೇಷ್ಟ್ರು

‘ಕಣ್ಣಿಲ್ಲದಿದ್ದರೂ’ ಎಂದು ಶುರುವಾಗುವ ವಾಕ್ಯ ಕಿವಿಗೆ ಬಿದ್ದರೆ ಸಾಕು, ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಯಾವುದೋ ಪತ್ರಿಕೆಯಿಂದ ಬಂದಿದ್ದ ಹುಡುಗಿ ಅವರನ್ನು ಬಹಳ ಹೊತ್ತು ಮಾತಾಡಿಸಿ, ಕೊನೆಗೆ ತಾನು ಬರೆದುಕೊಂಡದ್ದನ್ನು ಓದಿ ಹೇಳಿದಳು. “ಕಣ್ಣಿಲ್ಲದಿದ್ದರೂ ಕಂಪ್ಯೂಟರ್ ಬಿಚ್ಚಿ ಜೋಡಿಸುವ ಈ ಛಲಗಾರ...” ಅಷ್ಟಕ್ಕೇ ಮೇಷ್ಟ್ರು ಕೈ ಎತ್ತಿದರು.

“ನೋಡಮ್ಮ, ನನಗೆ ಕಣ್ಣಿಲ್ಲ, ಅದೊಂದು ಸುದ್ದಿ. ಕಂಪ್ಯೂಟರ್ ಬಿಚ್ತೀನಿ, ಅದು ಇನ್ನೊಂದು ಸುದ್ದಿ. ತಲೇಲಿ ಕೂದಲಿಲ್ಲದಿದ್ದರೂ ನಮ್ಮಪ್ಪ ಸ್ಕೂಟರ್ ಓಡಿಸ್ತಾರೆ ಅಂತ ಬರೀತೀಯಾ?”

ಹುಡುಗಿ ಪೆಚ್ಚಾದಳು. ಲೇಖನ ಅಚ್ಚಾಗಲೇ ಇಲ್ಲ. ಅಚ್ಚಾಗಲಿಲ್ಲವೆಂದು ಮೇಷ್ಟ್ರಿಗೆ ಒಳಗೊಳಗೇ ಬೇಜಾರಾಯಿತು. ಹೊಗಳಿಕೆ ಬೇಡವೆನ್ನುವಷ್ಟು ವಿನಯ ಅವರಲ್ಲಿ ಇರಲಿಲ್ಲ. ಹೊಗಳುವವರು ಸರಿಯಾಗಿ ಹೊಗಳಬೇಕು ಎಂಬುದಷ್ಟೇ ಅವರ ತಕರಾರು.

ಈ ಆಷಾಢದಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ಬರೆಯಲು ಕೂತರೆ ಎಲ್ಲಿ ತಪ್ಪಾಗಿ ಹೊಗಳಿಬಿಡುತ್ತೇನೋ ಎಂಬ ಅಂಜಿಕೆ ನನಗಿದೆ. ಹಾಗಾಗಿ ನೋಡಿದ್ದನ್ನು, ಕೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಬಸವನಗುಡಿಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ, ಕಣ್ಣಿಲ್ಲದ ವಿದ್ಯಾರ್ಥಿಗಳಿಗಾಗಿ ಒಂದು ಟ್ರಸ್ಟು ನಡೆಸುವ ಎರಡು ಕೋಣೆಗಳಿವೆ. ಒಂದರಲ್ಲಿ ನಮ್ಮಂಥವರು ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತೇವೆ. ಇನ್ನೊಂದರಲ್ಲಿ ಮೇಷ್ಟ್ರು ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನಾನು ಮನೆಯಲ್ಲಿ ಸುಮ್ಮನೆ ಕೂರಲಾರದೆ, ವೈಯಾಲಿಕಾವಲ್‌ನಿಂದ ಬಸ್ಸು ಹಿಡಿದು ಅಲ್ಲಿಗೆ ಓದಲು ಹೋಗತೊಡಗಿದೆ. ಮೊದಲ ದಿನ ಎರಡು ಪುಟ ಓದಿರಲಿಲ್ಲ, ಪಕ್ಕದ ಕೋಣೆಯಿಂದ ಗಿಡ್ಡನೆಯ ಆಸಾಮಿಯೊಬ್ಬರು ಬಂದು ಬಾಗಿಲಲ್ಲಿ ನಿಂತರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು. ಉಳಿದವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಸ್ಕ್ರೂಡ್ರೈವರು.

“ಮೇಡಂ, ತಲೆ ಅಲ್ಲಾಡಿಸ್ಕೊಂಡು ಓದ್ತಿದೀರಿ. ದನಿ ಮೈಕಿಂದ ಆಚೆ ಈಚೆ ಹೋಗ್ತಿದೆ.”

ನನಗೆ ರೇಗಿತು. ಅಷ್ಟು ವರ್ಷ ಮಕ್ಕಳಿಗೆ ಪದ್ಯ ಓದಿ ಹೇಳಿದವಳು ನಾನು, ತಲೆಯಾಡಿಸದೆ ಓದಲು ನನಗೆ ಬರುವುದೇ ಇಲ್ಲ. “ನಮ್ಮ ಸ್ಕೂಲಲ್ಲಿ ಯಾವ ಮಗೂನೂ ಹಾಗಂದಿರ್ಲಿಲ್ಲ” ಎಂದೆ.

“ಅವಕ್ಕೆ ನೀವು ಕಾಣ್ತಿದ್ರಿ, ಪಾಪ” ಎಂದು ಹೇಳಿ ಒಳಗೆ ಹೋದರು.

ನಮ್ಮ ಸ್ನೇಹ ಶುರುವಾದದ್ದು ಹಾಗೆ. ಮಾತಿಗೆ ಮಾತು ಬೆಳೆಸುವುದರಲ್ಲಿ ಇಬ್ಬರೂ ಕಡಿಮೆಯವರಲ್ಲ.

ಅವರು ಹುಟ್ಟು ಕುರುಡರು. ‘ದೃಷ್ಟಿ ವಿಶೇಷ ಚೇತನ’ ಎಂದೆಲ್ಲ ಯಾರಾದರೂ ನಯವಾಗಿ ಶುರುಮಾಡಿದರೆ, “ಕುರುಡ ಅನ್ನಿ, ಬೇಗ ಮುಗಿಯುತ್ತೆ” ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಅಕ್ಕನ ಜೊತೆ ಇದ್ದರು. ಆ ಅಕ್ಕ ಕಟ್ಟಿಕೊಟ್ಟ ಡಬ್ಬಿಯಲ್ಲಿ ದಿನವೂ ಒಂದೇ ಬಗೆಯ ಪಥ್ಯದ ಊಟ ಇರುತ್ತಿತ್ತು. ಸಕ್ಕರೆ ಕಾಯಿಲೆ ಅವರಿಗೆ ಬಹಳ ಹಿಂದೆಯೇ ಅಂಟಿಕೊಂಡಿತ್ತು. “ಇದಕ್ಕೆ ಸಕ್ಕರೆ ಅಂತ ಹೆಸರಿಟ್ಟೋನು ಯಾರೋ, ಕೇಳಿದ್ರೇ ಬಾಯಲ್ಲಿ ನೀರು ಬರುತ್ತೆ” ಎಂದು ಗೊಣಗುತ್ತ ಡಬ್ಬಿ ಖಾಲಿ ಮಾಡುತ್ತಿದ್ದರು.

ಕಂಪ್ಯೂಟರಿನ ಮುಂದೆ ಕೂತು ಅದು ಓದಿ ಹೇಳುವುದನ್ನು ಕೇಳಿಸಿಕೊಂಡು ಕೆಲಸ ಮಾಡುವುದನ್ನು ಬೇರೆ ಕಡೆಯೂ ಕಲಿಸುತ್ತಾರೆ. ಮೇಷ್ಟ್ರ ತರಗತಿಯ ವಿಶೇಷ ಬೇರೆ. ಅವರು ಮಕ್ಕಳಿಂದ ಕಂಪ್ಯೂಟರಿನ ಪೆಟ್ಟಿಗೆಯನ್ನೇ ಬಿಚ್ಚಿಸುತ್ತಿದ್ದರು. ಮಕ್ಕಳು ಎಂದರೆ ಇಪ್ಪತ್ತರಿಂದ ನಲವತ್ತರವರೆಗಿನವರು, ಅವರ ಬಾಯಲ್ಲಿ ಎಲ್ಲರೂ ಮಕ್ಕಳೇ. ಇದು ಯಾಕೆ ಬೇಕು ಎಂದು ಒಮ್ಮೆ ಕೇಳಿದೆ. “ನಮಗೆ ಲೋಕದಲ್ಲಿ ಇರೋದೆಲ್ಲಾ ಮುಚ್ಚಿದ ಪೆಟ್ಟಿಗೇನೇ ಮೇಡಂ. ಕೈಗೆ ಸಿಗೋ ಒಂದನ್ನಾದ್ರೂ ತೆಗೆದು ನೋಡ್ಲಿ” ಎಂದರು.

ಒಳಗೆ ಅಡ್ಡಲಾಗಿ ಕೂತಿರುವ ದೊಡ್ಡ ಹಲಗೆ, ಅಂದರೆ ಮದರ್‌ಬೋರ್ಡು, ಅವರ ಲೆಕ್ಕದಲ್ಲಿ ಚಾಮರಾಜಪೇಟೆ. ನೇರವಾದ ಮೇನ್ ರೋಡುಗಳು, ಅವನ್ನು ಕತ್ತರಿಸುವ ಕ್ರಾಸುಗಳು. ನಡುವಿನ ಚೌಕದಲ್ಲಿ ಫ್ಯಾನು ಹೊತ್ತು ಕೂತದ್ದು ಪ್ರೊಸೆಸರು. ಅದರ ಪಕ್ಕದ ಉದ್ದನೆಯ ಜೋಡಿ ರಸ್ತೆಗಳು ಮೆಮರಿ ಕೂರುವ ಜಾಗ. ಮೆಮರಿ ಎಂದರೆ ಗೇಣಿಗಿಂತ ಚಿಕ್ಕದಾದ ತೆಳ್ಳನೆಯ ಪಟ್ಟಿ. ಅದರ ಕೆಳ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಹಲಗೆಯ ಮೇಲೆ ಆ ಕಚ್ಚಿಗೆ ಸರಿಯಾಗಿ ಒಂದು ಗುಬುಟು. ಮೆಮರಿಯಲ್ಲಿ ಮೂರನೆಯ ತಲೆಮಾರು, ನಾಲ್ಕನೆಯ ತಲೆಮಾರು ಎಂದೆಲ್ಲ ಇದೆಯಂತೆ. ಒಂದೊಂದಕ್ಕೂ ಕಚ್ಚಿನ ಜಾಗ ತುಸು ಸರಿದಿರುತ್ತದೆ. ಒಂದರ ಮನೆಯಲ್ಲಿ ಇನ್ನೊಂದು ಕೂರದು.

“ಕಚ್ಚು ಗುಬುಟಿಗೆ ಸಿಕ್ಕಿದ್ರೆ ಅದು ನಿಮ್ಮನೆ. ಸಿಗದೇ ಇದ್ರೆ ಬೇರೆಯವರ ಮನೆ. ಬಲವಂತ ಮಾಡ್ಬೇಡಿ, ಎದ್ದು ಬನ್ನಿ” ಎಂದು ಪ್ರತಿ ಹೊಸ ತಂಡಕ್ಕೂ ಹೇಳುತ್ತಿದ್ದರು.

ಹೇಳಿ ಸುಮ್ಮನಿರುವವರಲ್ಲ. ಶಿಷ್ಯರ ಕೈಯನ್ನು ಗಪ್ಪನೆ ಹಿಡಿದು ಹಲಗೆಯ ಮೇಲೆಲ್ಲ ಓಡಿಸುತ್ತಿದ್ದರು. ಎಲ್ಲ ಜೋಡಿಸಿದ ಮೇಲೆ ಅವರ ಬೆರಳು ಒಂದು ಸುತ್ತು ಬಂದು, ಅವರು “ಹ್ಞೂಂ” ಎನ್ನುವವರೆಗೆ ಸ್ವಿಚ್ಚು ಮುಟ್ಟುವ ಹಾಗಿರಲಿಲ್ಲ. ಸ್ವಿಚ್ಚು ಹಾಕಿದಾಗ ಒಳಗಿನಿಂದ ಒಂದು ಸಲ ‘ಬೀಪ್’ ಎಂದರೆ ಕ್ಷೇಮ. ಬಿಟ್ಟು ಬಿಟ್ಟು ಉದ್ದಕ್ಕೆ ಕೂಗಿಕೊಂಡರೆ ಮೆಮರಿ ಸರಿಯಾಗಿ ಕೂತಿಲ್ಲ ಎಂದರ್ಥ. ಈಗಿನ ಪೆಟ್ಟಿಗೆಗಳಲ್ಲಿ ಹಾಗೆ ಕೂಗುವ ಪುಟ್ಟ ಪೀಪಿಯನ್ನು ಕೊಡುವುದೇ ಇಲ್ಲವಂತೆ. ಕೆಟ್ಟ ಕಂಪ್ಯೂಟರುಗಳಿಂದ ಕಿತ್ತ ಪೀಪಿಗಳನ್ನು ಮೇಷ್ಟ್ರು ಜೋಪಾನ ಮಾಡಿ, ತಮ್ಮ ಕೈಗೆ ಬಂದ ಪ್ರತಿಯೊಂದಕ್ಕೂ ಸಿಕ್ಕಿಸುತ್ತಿದ್ದರು. ಕಣ್ಣಿದ್ದವರು ತೆರೆ ನೋಡಿ ತಿಳಿಯುವುದನ್ನು ಇವರು ಆ ಕೂಗಿನಿಂದ ತಿಳಿಯಬೇಕಿತ್ತು.

ಈ ಪಾಠದಿಂದ ಏನು ಪ್ರಯೋಜನ ಎಂಬುದಕ್ಕೆ ರತ್ನ ಸಾಕು. ಅವಳು ಒಂದು ಕಚೇರಿಯಲ್ಲಿ ಟೆಲಿಫೋನ್ ನೋಡಿಕೊಳ್ಳುತ್ತಾಳೆ, ಬಿ.ಎಡ್. ಮಾಡುವ ಆಸೆ ಇಟ್ಟುಕೊಂಡವಳು. ಕಚೇರಿಯಲ್ಲಿ ಅವಳ ಕಂಪ್ಯೂಟರ್ ಕೆಟ್ಟರೆ ಮೆಕ್ಯಾನಿಕ್ ಬರುವವರೆಗೆ ಅವಳು ಸುಮ್ಮನೆ ಕೂರಬೇಕಿತ್ತು. ಪಕ್ಕದವರು “ನೀವು ಆರಾಮಾಗಿರಿ” ಎನ್ನುತ್ತಿದ್ದರಂತೆ. ಆ ಮಾತು ಅವಳಿಗೆ ಬೈಗುಳದ ಹಾಗೆ ಕೇಳುತ್ತಿತ್ತು. ಮೇಷ್ಟ್ರ ಬಳಿ ಕಲಿತ ಮೇಲೆ ಒಂದು ದಿನ ಅವಳೇ ಪೆಟ್ಟಿಗೆ ಬಿಚ್ಚಿ, ಮೆಮರಿ ತೆಗೆದು, ಅದರ ಅಂಚಿನ ಕೊಳೆ ಹೋಗುವ ಹಾಗೆ ಪೆನ್ಸಿಲ್ ಅಳಿಸುವ ರಬ್ಬರ್ ಉಜ್ಜಿ ಮತ್ತೆ ಕೂರಿಸಿದಳು. ಅದು ಶುರುವಾಯಿತು. ಆ ಸುದ್ದಿ ಹೇಳಲು ಸಂಜೆ ಓಡಿ ಬಂದಿದ್ದಳು. ಮೇಷ್ಟ್ರು, “ರಬ್ಬರ್ ಪುಡಿ ಊದಿದ್ಯೋ ಇಲ್ವೋ?” ಎಂದು ಗದರಿದರು. ಆಮೇಲೆ ನನ್ನ ಕೋಣೆಗೆ ಬಂದು, “ಕೇಳಿಸ್ಕೊಂಡ್ರಾ? ರತ್ನ ಹೇಳಿದ್ದು ಕೇಳಿಸ್ಕೊಂಡ್ರಾ?” ಎಂದು ಕೇಳಿದ್ದೇ ಕೇಳಿದ್ದು.

ಇದೆಲ್ಲ ನಿಂತೇಹೋಗುತ್ತದೇನೋ ಎನ್ನುವಂಥ ದಿನವೊಂದು ಬಂತು.

ಒಂದು ಬೆಳಿಗ್ಗೆ ತರಗತಿ ಶುರುವಾಗುವ ಮೊದಲು ಅವರೊಬ್ಬರೇ ಪಕ್ಕದ ಕೋಣೆಯಲ್ಲಿದ್ದರು. ನಾನು ಮೈಕಿನ ಮುಂದಿದ್ದೆ. ಸುಟ್ಟ ವಾಸನೆ ಬಂದಂತಾಗಿ ಓಡಿದೆ. ಅವರು ಆಗಲೇ ಪ್ಲಗ್ ಕಿತ್ತು, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. “ಹಳೇ ಬೋರ್ಡು ಮೇಡಂ, ಆಯಸ್ಸು ಮುಗೀತು” ಎಂದರು. ಟ್ರಸ್ಟಿನ ಕಾರ್ಯದರ್ಶಿಯವರಿಗೂ ಅದನ್ನೇ ಹೇಳಿದರು.

ಕಾರ್ಯದರ್ಶಿಯವರು ನಿವೃತ್ತ ಎಂಜಿನಿಯರು. ಒಳ್ಳೆಯವರು, ಆದರೆ ಹೆದರಿಕೆ ಸ್ವಭಾವ. ಕರಕಲಾದ ಹಲಗೆಯನ್ನು ಹಿಡಿದು ನೋಡಿ, “ಮೇಷ್ಟ್ರೇ, ಇದೊಂದು ಸಲ ಬೇರೆ ಬೋರ್ಡು ಹಾಕ್ಸಿ. ಇನ್ನೊಂದ್ ಸಲ ಹೀಗಾದ್ರೆ ಎಲ್ಲಾ ಲ್ಯಾಪ್‌ಟಾಪ್ ತರಿಸ್ಬಿಡ್ತೀನಿ. ಬಿಚ್ಚೋ ಪಾಠ ಸಾಕು. ನಾಳೆ ಯಾರಿಗಾದ್ರೂ ಕರೆಂಟ್ ಹೊಡೆದ್ರೆ ಆ ಮನೆಯವರಿಗೆ ನಾನೇನು ಹೇಳ್ಲಿ?” ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಮೇಷ್ಟ್ರು ಎದುರಾಡಲಿಲ್ಲ. ಅದೇ ನನಗೆ ವಿಚಿತ್ರವೆನಿಸಿತು.

ಬೋರ್ಡು ತರಲು, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಬೇಕಿತ್ತು. ಅವರು ಯಾವಾಗಲೂ ಒಬ್ಬರೇ ಹೋಗುತ್ತಿದ್ದವರು, ಆ ಸಲ ನನ್ನನ್ನು ಕರೆದರು. ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದು ನಡೆದೆವು. ಜನಸಂದಣಿಯಲ್ಲಿ ಗಾಬರಿಯಾಗಿ ನಾನು ಅವರ ತೋಳು ಹಿಡಿದೆ. ಬಿಡಿಸಿಕೊಂಡರು.

“ನೀವು ನನ್ನನ್ನ ಹಿಡ್ಕೋಬಾರ್ದು. ನಾನು ನಿಮ್ಮನ್ನ ಹಿಡ್ಕೋಬೇಕು. ಹಿಡ್ಕೊಂಡೋರು ಎಳೀತಾರೆ ಮೇಡಂ. ರಸ್ತೆ ದಾಟಿಸ್ತೀನಿ ಅಂತ ಎಳ್ಕೊಂಡು ಹೋಗಿ, ನಾನು ಹೋಗ್ಬೇಕಾಗಿರದ ಕಡೆ ನಿಲ್ಲಿಸಿ ಪುಣ್ಯ ಕಟ್ಕೊಂಡೋರು ಬೇಕಾದಷ್ಟು ಜನ.” ಹಾಗೆಂದು ನನ್ನ ಮೊಣಕೈ ಹಿಡಿದುಕೊಂಡರು.

ಅಂಗಡಿಯವನು ನನ್ನ ಮುಖ ನೋಡಿ, “ಅವ್ರಿಗೆ ಎಂಥದ್ದು ಬೇಕು ಮೇಡಂ?” ಎಂದ. “ನನ್ನನ್ನೇ ಕೇಳಪ್ಪಾ, ಅವರು ಕನ್ನಡ ಟೀಚರು” ಎಂದರು ಮೇಷ್ಟ್ರು. ಅವನು ನಕ್ಕು, ಹೊಸ ಬೋರ್ಡೊಂದನ್ನು ಹೊಗಳಲು ಶುರುಮಾಡಿದ. ಮೇಷ್ಟ್ರಿಗೆ ಅದು ಬೇಡವಾಗಿತ್ತು. ಹೊಸ ಬೋರ್ಡಿನಲ್ಲಿ ನಮ್ಮ ಹಳೆಯ ಪ್ರೊಸೆಸರು ಕೂರುವುದಿಲ್ಲ, ಹಳೆಯ ಮೆಮರಿಯೂ ಕೂರುವುದಿಲ್ಲ. ಒಂದನ್ನು ಬದಲಾಯಿಸಲು ಹೋಗಿ ಎಲ್ಲ ಬದಲಾಯಿಸಿದಂತಾಗುತ್ತದೆ. ಅದಕ್ಕೇ ನಮ್ಮ ಪ್ರೊಸೆಸರಿಗೆ ಹೊಂದುವ, ಮೂರನೆಯ ತಲೆಮಾರಿನ ಮೆಮರಿ ಹಿಡಿಸುವ, ಯಾರೋ ಬಳಸಿ ಬಿಟ್ಟ ಬೋರ್ಡು ಕೇಳಿದರು. ಒಳಗಿನಿಂದ ಹುಡುಕಿ ತಂದ. ಸುಟ್ಟುಹೋದ ಮೆಮರಿಯ ಬದಲಿಗೆ ಇನ್ನೊಂದು ಬೇಕಲ್ಲ, ಅದಕ್ಕೆ ಎರಡು ಪಟ್ಟಿಗಳನ್ನು ಅವರ ಕೈಗಿಟ್ಟ.

ಮೇಷ್ಟ್ರು ಹೆಬ್ಬೆರಳಿನಿಂದ ಒಂದು ಪಟ್ಟಿಯ ಅಂಚನ್ನು ಸವರಿದರು. ಮತ್ತೆ ಸವರಿದರು. ಇನ್ನೊಂದನ್ನು ಸವರಿ ಮತ್ತೆ ಮೊದಲಿನದಕ್ಕೆ ಬಂದರು. ಅಂಗಡಿಯವನು ಬೇರೆ ಗಿರಾಕಿಯತ್ತ ತಿರುಗಿದ. ಆಗ ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ, ಆ ಪಟ್ಟಿಯನ್ನು ಕೆಳತುಟಿಗೆ ಒತ್ತಿ ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಎಳೆದುಕೊಂಡರು. ಇನ್ನೊಂದನ್ನೂ ಹಾಗೇ ಮಾಡಿದರು. ಒಂದನ್ನು ಮೇಜಿನ ಮೇಲಿಟ್ಟು, “ಇದು ನಾಲ್ಕನೇದು, ಅಂಚು ಬಾಗಿದೆ. ಇದು ಬೇಡ” ಎಂದರು. ಅಂಗಡಿಯವನು ನೋಡಿ ಹೌದೆಂದ.

ಬೋರ್ಡನ್ನೂ ಇನ್ನೊಂದು ಪಟ್ಟಿಯನ್ನೂ ಕಟ್ಟಿಸಿಕೊಂಡು ಹೊರಟೆವು.

ವಾಪಸು ಬರುವಾಗ ಹೋಳಿಗೆ ತಿನ್ನಬೇಕೆಂದು ಹಟ ಹಿಡಿದರು. ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ನಿಂತು, ನಾನು ಬೈಯುತ್ತಿದ್ದರೂ, ತುಪ್ಪ ಹಾಕಿಸಿಕೊಂಡು ತಿಂದರು. ಮೇಲೆ ಬಾದಾಮಿ ಹಾಲು ಬೇರೆ. ಒಲೆಯಿಂದ ಆಗಷ್ಟೇ ಇಳಿದ ಹಾಲು, ಸ್ಟೀಲ್ ಲೋಟ. ನಾನು ಸೆರಗಿನಲ್ಲಿ ಹಿಡಿದರೂ ತಡೆಯಲಾಗದೆ ಕೆಳಗಿಟ್ಟೆ. ಅವರು ಬರಿಗೈಯಲ್ಲಿ ಲೋಟವನ್ನು ಸುತ್ತಿ ಹಿಡಿದು, ಏನೋ ಮಾತಾಡುತ್ತ ನಿಂತಿದ್ದರು.

“ಮೇಷ್ಟ್ರೇ, ಕೈ ಸುಡ್ತಿಲ್ವಾ?”

ಅವರು ಲೋಟವನ್ನು ನನ್ನತ್ತ ಚಾಚಿದರು. ಸೆರಗಿನಲ್ಲಿ ಹಿಡಿದು ಕೆಳಗಿಟ್ಟು ನೋಡಿದರೆ, ಅವರ ಬೆರಳುಗಳು ಕೆಂಪಾಗಿದ್ದವು.

“ತುದಿ ಸತ್ತೋಗಿದೆ ಮೇಡಂ” ಎಂದರು. “ಮೊದ್ಲು ಜುಮ್ ಅಂತಿತ್ತು. ಈಗ ಏನೂ ಇಲ್ಲ. ಬ್ರೈಲ್ ಪುಸ್ತಕ ತೆಗೆದ್ರೆ ಎಲ್ಲಾ ಖಾಲಿ ಹಾಳೆ. ಒಂದು ಅಕ್ಷರ ಸಿಗ್ತಿಲ್ಲ. ಆ ಬೋರ್ಡು ತಾನಾಗಿ ಸಾಯ್ಲಿಲ್ಲ. ಮೆಮರೀನ ಉಲ್ಟಾ ಇಟ್ಟು ಒತ್ಬಿಟ್ಟೆ. ಕಚ್ಚು ಸಿಕ್ತು ಅಂದ್ಕೊಂಡೆ. ಸಿಕ್ಕಿರ್ಲಿಲ್ಲ.”

ಸುತ್ತಲೂ ದೋಸೆ ಹುಯ್ಯುವ ಸದ್ದು, ಜನರ ಗಲಾಟೆ. ನನಗೆ ದುಃಖವೂ ಸಿಟ್ಟೂ ಬಂದವು, ಸಿಟ್ಟೇ ಮೊದಲು ಬಂತು. “ಇಷ್ಟು ಗೊತ್ತಿದ್ದೂ ಹೋಳಿಗೆ ತಿಂತೀರಲ್ಲ, ನಿಮಗೆ ಬುದ್ಧಿ ಬೇಡ್ವಾ? ಅಕ್ಕನಿಗೆ ಗೊತ್ತಾ?”

“ಗೊತ್ತಿಲ್ಲ. ಹೇಳ್ಬೇಡಿ. ಯಾರಿಗೂ ಹೇಳ್ಬೇಡಿ. ಕಾರ್ಯದರ್ಶಿಗಳಿಗೆ ಗೊತ್ತಾದ್ರೆ ನಾಳೇನೇ ಪಾಠ ನಿಲ್ಲುತ್ತೆ. ಡಾಕ್ಟ್ರಿಗೆ ತೋರಿಸ್ತೀನಿ, ಆಣೆ ಬೇಕಾದ್ರೆ ಮಾಡ್ತೀನಿ. ಪಾಠ ಒಂದು ನಿಲ್ಬಾರ್ದು.”

“ಹಾಗಾದ್ರೆ ಈ ಬೋರ್ಡು ಯಾರು ಹಾಕ್ತಾರೆ?”

“ನೋಡೋಣ” ಎಂದರು. ನಾನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಆದರೆ ಒಂದು ಷರತ್ತು ಹಾಕಿದೆ: ಸ್ವಿಚ್ಚು ಹಾಕಬೇಕಾದ ಯಾವ ಪೆಟ್ಟಿಗೆಗೂ ಅವರು ಕೈ ಹಾಕಕೂಡದು. ಮಕ್ಕಳ ಜೀವದ ಪ್ರಶ್ನೆ ಅದು. ಅವರು ಒಪ್ಪಿದರು.

ಬೋರ್ಡು ಬದಲಾಯಿಸುವ ದಿನ ಕಾರ್ಯದರ್ಶಿಯವರು ಬಾಗಿಲ ಬಳಿ ಕೈಕಟ್ಟಿ ನಿಂತರು. ನಾನು ಮೈಕು ಆರಿಸಿ ಬಂದು ಮೂಲೆಯಲ್ಲಿ ಕೂತೆ. ಮೇಷ್ಟ್ರು ಮೇಜಿನಿಂದ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿ ಕೂತರು.

“ಇವತ್ತು ನಾನು ಮುಟ್ಟಲ್ಲ. ರತ್ನ, ನೀನು ಮಾಡು. ಉಳಿದೋರು ಸುತ್ತ ನಿಂತ್ಕೊಳ್ಳಿ. ಪ್ಲಗ್ ತೆಗ್ದಿದೆಯಾ, ಇಬ್ಬರು ಬೇರೆ ಬೇರೆ ನೋಡಿ ಹೇಳಿ.”

ಇಬ್ಬರು ನೋಡಿ ಹೇಳಿದರು. ಸುಟ್ಟ ಬೋರ್ಡಿನ ಸ್ಕ್ರೂಗಳು ಒಂದೊಂದಾಗಿ ಬಟ್ಟಲಿಗೆ ಬಿದ್ದವು. ಪ್ರೊಸೆಸರನ್ನು ಮೇಲೆತ್ತುವಾಗ ರತ್ನಳ ಕೈ ತಡೆಯಿತು.

“ಏನು ಸಿಕ್ತು?”

“ಪಕ್ಕದಲ್ಲಿ ಒಂದು ಕಂಬಿ ಇದೆ ಸರ್. ಗಟ್ಟಿಯಾಗಿದೆ.”

“ಕೆಳಕ್ಕೆ ಒತ್ತಿ ಆಚೆಗೆ ಜರುಗಿಸು. ಬಿಡ್ತಾ?”

“ಬಿಡ್ತು.”

ಅವಳ ಕೈ ತಡೆದಾಗಲೆಲ್ಲ ಅವರ ಭುಜ ಮುಂದಕ್ಕೆ ಬಾಗುತ್ತಿತ್ತು. ಕೈ ಮಾತ್ರ ಕಂಕುಳಿನಿಂದ ಹೊರಗೆ ಬರಲಿಲ್ಲ. ಅವರು ಅನುಭವಿಸುತ್ತಿದ್ದ ಸಂಕಟ ನನಗೆ ಕಾಣುತ್ತಿತ್ತು, ಆ ಕೋಣೆಯಲ್ಲಿ ಬೇರೆ ಯಾರಿಗೂ ಅದರ ಅರ್ಥ ಗೊತ್ತಿರಲಿಲ್ಲ. ಬೇರೆ ಬೋರ್ಡು ಕೂತಿತು, ಪ್ರೊಸೆಸರು ಕೂತಿತು, ಫ್ಯಾನು ಬಂತು. ಕೊನೆಗೆ ಮೆಮರಿ.

“ಕಚ್ಚಿಂದ ಯಾವ ಕಡೆ ಉದ್ದ ಇದೆ ಹೇಳು.”

“ಬಲಗಡೆ ಸರ್.”

“ಬೋರ್ಡಲ್ಲಿ?”

“ಅಲ್ಲೂ ಬಲಗಡೆ... ಹೌದು, ಬಲಗಡೆ.”

“ಇನ್ನೊಬ್ಬರು ನೋಡಿ. ಆಮೇಲೆ ಒತ್ತು.”

ಎಲ್ಲ ಮುಗಿದ ಮೇಲೆ ರತ್ನ ಪಕ್ಕಕ್ಕೆ ಸರಿದು ನಿಂತಳು. ಮೇಷ್ಟ್ರ ಬೆರಳು ಸುತ್ತು ಬರಬೇಕಲ್ಲ, ಅದಕ್ಕೆ ಜಾಗ ಬಿಟ್ಟಳು. ಎಲ್ಲರೂ ಕಾದರು.

“ಆ ಪದ್ಧತಿ ಇವತ್ತಿಗೆ ಮುಗೀತು” ಎಂದರು ಮೇಷ್ಟ್ರು. “ಇನ್ಮೇಲೆ ಒಬ್ಬರು ಮಾಡಿದ್ದನ್ನ ಇನ್ನೊಬ್ಬರು ನೋಡ್ಬೇಕು. ನಾನು ಎಷ್ಟು ದಿನ ಅಂತ ಬರ್ಲಿ ನಿಮ್ಮ ಹಿಂದೆ?”

ಶಿಷ್ಯರಿಗೆ ಇದು ಬಡ್ತಿ ಸಿಕ್ಕಂತಾಯಿತು. ಒಬ್ಬಳು ನೋಡಿ ಸರಿಯೆಂದಳು. ಸ್ವಿಚ್ಚು ಹಾಕಿದರು. ಒಳಗಿನಿಂದ ಪೀಪಿ ಉದ್ದಕ್ಕೆ ಕೂಗಿಕೊಂಡಿತು, ನಿಂತಿತು, ಮತ್ತೆ ಕೂಗಿಕೊಂಡಿತು. ಕಾರ್ಯದರ್ಶಿಯವರು ಒಂದು ಹೆಜ್ಜೆ ಮುಂದೆ ಬಂದರು. ಮೇಷ್ಟ್ರು ಆತುರಪಡಲಿಲ್ಲ. “ಆರಿಸಿ, ಪ್ಲಗ್ ಕೀಳಿ. ಮೆಮರಿಯ ಎರಡೂ ಕೊನೇಲಿ ಕೊಂಡಿ ಇದೆ, ಎರಡೂ ಒಂದೇ ಎತ್ತರಕ್ಕಿದೆಯಾ?” ರತ್ನ ನೋಡಿದಳು. ಒಂದು ಕೊಂಡಿ ಪೂರ್ತಿ ಕೂತಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿದಳು, ‘ಟಕ್’ ಎಂದಿತು. ಮತ್ತೆ ಸ್ವಿಚ್ಚು ಹಾಕಿದಾಗ ಒಂದೇ ಸಲ, ಚಿಕ್ಕದಾಗಿ ಕೂಗಿತು.

ಚಪ್ಪಾಳೆ ಬಿತ್ತು. ಕಾರ್ಯದರ್ಶಿಯವರು, “ಮೇಷ್ಟ್ರೇ, ಹೀಗೆ ಮಾಡ್ಸೋದಾದ್ರೆ ನನ್ನ ಅಭ್ಯಂತರ ಇಲ್ಲ. ಎಷ್ಟು ಹುಷಾರಾಗಿದ್ದಾರೆ!” ಎಂದು ಹೇಳಿ ಕೆಳಗಿಳಿದು ಹೋದರು.

ಮೇಷ್ಟ್ರು ಗೆದ್ದರು ಎಂದುಕೊಂಡು ಮಧ್ಯಾಹ್ನ ಅವರ ಕೋಣೆಗೆ ಹೋದೆ. ಡಬ್ಬಿ ಬಿಚ್ಚದೆ ಸಪ್ಪಗೆ ಕೂತಿದ್ದರು.

“ಅವಳು ‘ಕಂಬಿ’ ಅಂದ್ಲು, ಕೇಳಿಸ್ಕೊಂಡ್ರಾ? ಇಷ್ಟು ವರ್ಷದಲ್ಲಿ ಅವರ ಬೆರಳಿಗೆ ಏನು ಸಿಗುತ್ತೆ ಅಂತ ನಾನು ಯಾವತ್ತೂ ಕೇಳ್ಲೇ ಇಲ್ಲ ಮೇಡಂ. ಕೈ ಹಿಡ್ದು ಎಳೀತಿದ್ದೆ. ನನ್ನ ಬೆರಳಿಗೆ ಸಿಕ್ಕಿದ್ದನ್ನ ಅವರ ಬೆರಳಿಗೆ ತುರುಕ್ತಿದ್ದೆ. ರಸ್ತೇಲಿ ಜನ ನನಗೆ ಮಾಡಿದ್ದನ್ನೇ ನಾನು ಇವರಿಗೆ ಮಾಡಿದ್ದು. ಮುಂಚೇನೇ ಕೈ ಕಟ್ಕೊಂಡು ಕೂರ್ಬೇಕಿತ್ತು.”

ಆಮೇಲೆ ಅವರು ಪಾಠ ಮಾಡಿದ್ದೆಲ್ಲ ಹಾಗೆಯೇ. ಕೇಳುವುದು, ಕಾಯುವುದು. ಹೊಸಬರೊಬ್ಬರು ಒಂದು ಸ್ಕ್ರೂ ಹುಡುಕಲು ಎಷ್ಟು ಹೊತ್ತು ತೆಗೆದುಕೊಂಡರೂ ಗದರುತ್ತಿರಲಿಲ್ಲ. ಅಷ್ಟು ತಾಳ್ಮೆ ಅವರಿಗೆ ಎಲ್ಲಿಂದ ಬಂತೋ. ನನ್ನ ಮೇಲೆ ಮಾತ್ರ ಮೊದಲಿನ ಹಾಗೇ ಜಬರ್ದಸ್ತು. ಬ್ರೈಲ್ ಕೈಬಿಟ್ಟ ಮೇಲೆ ಮಧ್ಯಾಹ್ನಗಳಲ್ಲಿ ನಮ್ಮ ರೆಕಾರ್ಡಿಂಗುಗಳನ್ನೇ ಕಿವಿಗೆ ಹಾಕಿಕೊಂಡು ಕೂರುತ್ತಿದ್ದರು. “ನಿಮ್ಮ ಶಿಕ್ಷಣ ಮನಶ್ಶಾಸ್ತ್ರ ಕೇಳಿ ಕೇಳಿ ನನಗೇ ಬಿ.ಎಡ್. ಸಿಗೋ ಹಾಗಿದೆ. ಒಂದು ಕಾದಂಬರಿನಾದ್ರೂ ಓದ್ರೀ” ಎಂದರು. ವಿದ್ಯಾರ್ಥಿಗಳಿಗೆಂದು ಹೆಸರು ಹೇಳಿ ನಾನು ಕಾದಂಬರಿಗಳನ್ನು ಓದತೊಡಗಿದೆ. ಯಾರಿಗೆಂದು ಇಬ್ಬರಿಗೂ ಗೊತ್ತಿತ್ತು.

ಡಾಕ್ಟರಿಗೆ ತೋರಿಸಿದ್ದರು, ಆ ಮಾತು ಉಳಿಸಿಕೊಂಡರು. ಆದರೆ ಬೆರಳಿಗೆ ಜೀವ ಮರಳಲಿಲ್ಲ. ಕಾಯಿಲೆ ಮೂತ್ರಪಿಂಡಕ್ಕೂ ಇಳಿಯಿತು. ಮೆಟ್ಟಿಲು ಹತ್ತುವುದು ಕಷ್ಟವಾದ ಮೇಲೂ ಕೆಲವು ತಿಂಗಳು ಬಂದರು. ಬರಲಾಗದ ದಿನ ತರಗತಿಯನ್ನು ರತ್ನ ನೋಡಿಕೊಳ್ಳುತ್ತಿದ್ದಳು.

ಅವರು ಹೋದ ಸುದ್ದಿ ತಿಳಿದು ಬೆಳಿಗ್ಗೆಯೇ ಚಾಮರಾಜಪೇಟೆಗೆ ಹೋದೆ. ಹಜಾರದಲ್ಲಿ ಮಲಗಿಸಿದ್ದರು, ಸ್ನಾನ ಮಾಡಿಸಿ ಆಗಿತ್ತು. ಸ್ವಲ್ಪ ಹೊತ್ತಿಗೆ ಶಿಷ್ಯರು ಬಂದರು. ಒಬ್ಬರ ಭುಜದ ಮೇಲೆ ಇನ್ನೊಬ್ಬರು ಕೈಯಿಟ್ಟು ಸಾಲಾಗಿ ಗೇಟು ದಾಟಿ ಒಳಗೆ ಬಂದರು. ಬೀದಿಯವರು ಮಾತು ನಿಲ್ಲಿಸಿ ದಾರಿ ಬಿಟ್ಟರು. ನೆಂಟರಲ್ಲಿ ಹಿರಿಯರೊಬ್ಬರು, “ದರ್ಶನ ಮಾಡ್ಕೊಂಡು ಹಾಗೇ ಮುಂದೆ ಹೋಗ್ರಪ್ಪ” ಎಂದರು. ಸಾಲು ಅಲ್ಲೇ ನಿಂತಿತು. ಮುಂದಿದ್ದ ಹುಡುಗ ಮೆಲ್ಲಗೆ ಕೈ ಚಾಚಿದ. “ಮುಟ್ಬೇಡಿ, ಸ್ನಾನ ಆಗಿದೆ” ಎಂದು ಆ ಹಿರಿಯರು ತಡೆದರು.

ತಲೆದೆಸೆಯಲ್ಲಿ ಕೂತಿದ್ದ ಅಕ್ಕ ಕತ್ತೆತ್ತಿದರು. “ಅವರು ನೋಡೋದೇ ಹಾಗೆ. ನೋಡ್ಲಿ ಬಿಡಿ” ಎಂದರು.

ಒಬ್ಬೊಬ್ಬರಾಗಿ ಮಂಡಿಯೂರಿ ಕೂತು ನೋಡಿದರು. ಹಣೆ, ಕೆನ್ನೆ, ಗದ್ದ. ಅಷ್ಟು ವರ್ಷ ಅವರ ದನಿ ಕೇಳಿದ್ದರು, ಮುಖವನ್ನು ಯಾರೂ ಮುಟ್ಟಿರಲಿಲ್ಲ. “ಸರ್‌ಗೆ ಮೀಸೆ ಇತ್ತಾ?” ಎಂದು ಆ ಹುಡುಗ ಪಿಸುಗುಟ್ಟಿದ. ನನಗೆ ಅಲ್ಲಿಯವರೆಗೆ ತಡೆದಿದ್ದ ಅಳು ಬಂದುಬಿಟ್ಟಿತು.

ರತ್ನ ಕೊನೆಯವಳು. ಅವಳು ಮುಖ ಮುಟ್ಟಲಿಲ್ಲ, ಬಲಗೈಯನ್ನು ಎತ್ತಿಕೊಂಡಳು. ಅಂಗೈಯಿಂದ ಶುರುಮಾಡಿ ಒಂದೊಂದೇ ಬೆರಳಿನ ತುದಿಗೆ ಹೋದಳು. ಮತ್ತೆ ಹಿಂದಕ್ಕೆ ಬಂದು ಇನ್ನೊಮ್ಮೆ ನೋಡಿದಳು.

“ಮೇಡಂ, ಇಲ್ಲಿದೀರಾ?”

“ಇಲ್ಲೇ ಇದೀನಮ್ಮ.”

“ತುದಿಯೆಲ್ಲಾ ಸುಟ್ಟು ಗಂಟು ಕಟ್ಟಿದೆ. ಒಂದರ ಮೇಲೊಂದು, ಹಳೇ ಗಾಯ. ಇಷ್ಟು ಸಲ ಸುಡೋವರೆಗೂ ಯಾರಾದ್ರೂ ಸುಮ್ಮನಿರ್ತಾರಾ?” ಆ ತುದಿಗಳನ್ನು ಮತ್ತೆ ಸವರಿದಳು. “ಸರ್‌ಗೆ ಬೆರಳಲ್ಲಿ ಏನೂ ತಿಳೀತಿರ್ಲಿಲ್ಲ. ಅಲ್ವಾ?”

“ಹೌದು.”

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಅದಕ್ಕೇನಾ ಮೇಡಂ ಅವತ್ತಿಂದ ಎಲ್ಲಾ ನಮ್ಮ ಕೈಲೇ ಮಾಡಿಸಿದ್ದು?”

“ಮೊದಲು ಅದಕ್ಕೇ ಕಣಮ್ಮ” ಎಂದೆ. “ಆಮೇಲೆ ಅದಕ್ಕಲ್ಲ.”

ಅವಳು ಆ ಕೈಯನ್ನು ಬಿಡಲಿಲ್ಲ. ಹೊತ್ತಾಗುತ್ತಿದೆ ಎಂದು ಯಾರೋ ಅಂದರು. ಅಕ್ಕ ಕೈಸನ್ನೆ ಮಾಡಿ ಅವರನ್ನು ಸುಮ್ಮನಿರಿಸಿದರು.